ಸ್ಯಾನ್‌ನಿಂದ ಸರ್ವರ್ ಬೂಟ್ ಮಾಡಿಸುವುದು: ಪೋರ್ಟ್ ಪಟ್ಟಿಯಿಂದ ಹಿಡಿದು ಕೇಬಲ್ ಕಿತ್ತು ನೋಡುವವರೆಗೆ

ಸರ್ವರಿನೊಳಗೆ ಒಂದೂ ಡಿಸ್ಕ್ ಇಲ್ಲ. ಆನ್ ಮಾಡಿದರೆ ಓಎಸ್ ಬರಬೇಕು, ಅದು ಬರುವುದು ಪಕ್ಕದ ರ‍್ಯಾಕಿನಲ್ಲಿರುವ ಸ್ಟೋರೇಜಿನಿಂದ, ಮಧ್ಯೆ ಎರಡು ಫೈಬರ್ ಚಾನೆಲ್ ಸ್ವಿಚ್ಚು. ಸರ್ವರ್‌ಗಳನ್ನೂ ಸ್ಟೋರೇಜನ್ನೂ ಸೇರಿಸುವ ಈ ಪ್ರತ್ಯೇಕ ಜಾಲವೇ ಸ್ಯಾನ್, ಸ್ಯಾನ್ ಬೂಟ್ ಅಂದರೆ ಇಷ್ಟೇ. ಆದರೆ ಇದನ್ನು ಅರ್ಧಂಬರ್ಧ ಮಾಡಿದರೆ ತಿಂಗಳುಗಟ್ಟಲೆ ಚೆನ್ನಾಗಿಯೇ ನಡೆದು, ಯಾವುದೋ ಒಂದು ಸ್ವಿಚ್ಚು ಕೈಕೊಟ್ಟ ರಾತ್ರಿ ಸರ್ವರ್ ಮೇಲೇಳುವುದಿಲ್ಲ. ಹಾಗಾಗಬಾರದು ಅಂತಲೇ ಈ ಲೇಖನ.

ಒಂದು ವಿಷಯ ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಪವರ್ ಬಟನ್ ಒತ್ತಿದಾಗಿನಿಂದ ಲಾಗಿನ್ ಬರುವವರೆಗೆ ಅದೇ ಡಿಸ್ಕನ್ನು ಮೂರು ಸಲ, ಮೂರು ಬೇರೆ ಬೇರೆ ಸಾಫ್ಟ್‌ವೇರ್ ಹುಡುಕುತ್ತದೆ. ಮೊದಲು ಎಚ್‌ಬಿಎ ಕಾರ್ಡಿನ (ಸರ್ವರನ್ನು ಸ್ಯಾನ್‌ಗೆ ಜೋಡಿಸುವ ಕಾರ್ಡ್) ಫರ್ಮ್‌ವೇರ್. ಆಮೇಲೆ ಕರ್ನಲ್ (ಓಎಸ್‌ನ ತಿರುಳು) ಜೊತೆ ಬರುವ, ರೂಟ್ ಡಿಸ್ಕ್ ಸಿಗುವವರೆಗೆ ಮೆಮೊರಿಯಲ್ಲೇ ಓಡುವ ಪುಟ್ಟ ವ್ಯವಸ್ಥೆಯಾದ ಇನಿಟ್‌ರ‍್ಯಾಮ್‌ಎಫ್‌ಎಸ್. ಕೊನೆಗೆ ಪೂರ್ತಿ ಎದ್ದ ಓಎಸ್. ಮೂವರಿಗೂ ಡಿಸ್ಕಿನ ದಾರಿ ಬೇರೆ ಬೇರೆ ಹೇಳಿಕೊಡಬೇಕು. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ. ಸ್ಯಾನ್ ಬೂಟಿನಲ್ಲಿ ಬರುವ ತೊಂದರೆ ಹೆಚ್ಚುಕಮ್ಮಿ ಎಲ್ಲವೂ ಈ ಮೂರರಲ್ಲಿ ಯಾವುದೋ ಒಂದು ಕಡೆ ಸಿಕ್ಕಿಹಾಕಿಕೊಂಡಿರುತ್ತದೆ. ಯಾವ ಹಂತದಲ್ಲಿ ನಿಂತಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಒಂದು ರ‍್ಯಾಕ್ ಸರ್ವರ್, ಎರಡು ಪೋರ್ಟಿನ ಎಚ್‌ಬಿಎ, ಎ ಮತ್ತು ಬಿ ಅಂತ ಎರಡು ಫ್ಯಾಬ್ರಿಕ್ (ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸ್ವಿಚ್ ಜಾಲ), ಎರಡು ಕಂಟ್ರೋಲರ್ ಇರುವ ಸ್ಟೋರೇಜು, ಮೇಲೆ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9. ವಿಂಡೋಸ್, ಇಎಸ್ಎಕ್ಸ್ಐ (ವಿಎಂವೇರ್‌ನ ವರ್ಚುವಲೈಸೇಷನ್ ಓಎಸ್), ಐಸ್ಕಸಿ (ಮಾಮೂಲಿ ನೆಟ್‌ವರ್ಕ್ ಮೇಲೆ ಡಿಸ್ಕ್ ಕೊಡುವ ವಿಧಾನ) ಇರುವವರಿಗೆ ಬೇಕಾದ ವ್ಯತ್ಯಾಸ ಕೆಳಗೆ ಇದೆ.

ನಿಮಗೆ ಇದು ನಿಜವಾಗಿ ಬೇಕಾ?

ಸರ್ವರಿನಲ್ಲಿ ಎರಡು ಎಂ.2 ಡಿಸ್ಕ್ ಹಾಕಿ ಮಿರರ್ ಮಾಡುವ ಬೂಟ್ ಕಾರ್ಡ್ ಇದ್ದರೆ, ಡೆಲ್‌ನವರ ಬಾಸ್ ಕಾರ್ಡಿನ ಥರದ್ದು, ಒಂದೆರಡು ಸರ್ವರಿಗೆ ಅದೇ ಸಾಕು. ಸುಮ್ನೆ ಸ್ಯಾನ್ ಬೂಟ್ ಮಾಡಬೇಡಿ. ಡಿಸ್ಕ್ ಜಾಗವೇ ಇಲ್ಲದ ಬ್ಲೇಡ್‌ಗಳು, ಸರ್ವರ್ ಸತ್ತರೆ ಅದೇ ಓಎಸ್ ಅನ್ನು ಇನ್ನೊಂದು ಪೆಟ್ಟಿಗೆಯಲ್ಲಿ ಬೇಗ ಎಬ್ಬಿಸಬೇಕು ಅನ್ನುವ ಜಾಗ, ಪ್ಯಾಚ್ ಹಾಕುವ ಮೊದಲು ಸ್ಟೋರೇಜಿನಲ್ಲೇ ಸ್ನ್ಯಾಪ್‌ಶಾಟ್ ತೆಗೆದುಕೊಳ್ಳಬೇಕು ಅನ್ನುವವರು, ಡಿಆರ್ ಸೈಟಿಗೆ (ಅನಾಹುತವಾದರೆ ಕೆಲಸ ಮುಂದುವರಿಸುವ ಇನ್ನೊಂದು ಜಾಗ) ಬೂಟ್ ಡಿಸ್ಕನ್ನೂ ನಕಲಿಸುವವರು: ಇವರಿಗೆ ಇದು ತುಂಬಾ ಉಪಯೋಗ.

ಮೊದಲ ಹೆಜ್ಜೆ: ಪಟ್ಟಿ

ಇನ್‌ಸ್ಟಾಲರ್ ಹತ್ತಿರ ಹೋಗುವ ಮೊದಲು ಒಂದು ಶೀಟ್ ತೆರೆದು ಬರೆದುಕೊಳ್ಳಿ. ಸರ್ವರ್ ಹೆಸರು, ಎಚ್‌ಬಿಎ ಯಾವ ಸ್ಲಾಟಿನಲ್ಲಿದೆ, ಪ್ರತಿ ಪೋರ್ಟಿನ ಡಬ್ಲ್ಯುಡಬ್ಲ್ಯುಪಿಎನ್, ಅದು ಹೋಗುವ ಸ್ವಿಚ್ಚು ಮತ್ತು ಅಲ್ಲಿನ ಪೋರ್ಟ್ ನಂಬರ್, ಎದುರಿನ ಸ್ಟೋರೇಜ್ ಪೋರ್ಟು, ಲನ್ (ಸ್ಟೋರೇಜು ಸರ್ವರಿಗೆ ಕೊಡುವ ಡಿಸ್ಕ್) ನಂಬರ್, ಲನ್‌ನ ಸೀರಿಯಲ್. ಇದು ಬೇಸರದ ಕೆಲಸ, ನಿಜ. ಆದರೆ ಮುಂದಿನ ಪ್ರತಿ ಹಂತದಲ್ಲೂ ಕಣ್ಣು ಹೋಗುವುದು ಈ ಶೀಟಿನ ಮೇಲೆಯೇ.

ಡಬ್ಲ್ಯುಡಬ್ಲ್ಯುಪಿಎನ್ ಅಂದರೆ 16 ಅಂಕಿ-ಅಕ್ಷರದ ಪೋರ್ಟ್ ಹೆಸರು. ಐಡ್ರ್ಯಾಕ್ ಅಥವಾ ಐಲೋದ (ಡೆಲ್, ಎಚ್‌ಪಿಇ ಸರ್ವರನ್ನು ದೂರದಿಂದ ನೋಡಿಕೊಳ್ಳುವ ವ್ಯವಸ್ಥೆಗಳು) ಹಾರ್ಡ್‌ವೇರ್ ಪುಟದಲ್ಲಿ ಸಿಗುತ್ತದೆ, ಅಲ್ಲಿಂದಲೇ ಕಾಪಿ ಮಾಡಿ, ಕೈಯಲ್ಲಿ ಟೈಪ್ ಮಾಡಬೇಡಿ. ಇಲ್ಲಿ ಒಂದು ಗೊಂದಲ ಆಗಾಗ ಆಗುತ್ತದೆ. ಅದೇ ಕಾರ್ಡಿಗೆ ನೋಡ್ ಹೆಸರು ಅಂತ ಇನ್ನೊಂದು ಇರುತ್ತದೆ, ನೋಡಲು ಒಂದೇ ಥರ. ಕ್ಯೂಲಾಜಿಕ್ ಕಾರ್ಡಿನಲ್ಲಿ ಪೋರ್ಟ್ ಹೆಸರು ಸಾಮಾನ್ಯವಾಗಿ 21:00 ಅಂತ, ಎಮ್ಯುಲೆಕ್ಸಿನಲ್ಲಿ 10:00 ಅಂತ ಶುರುವಾಗುತ್ತದೆ. ಎರಡರಲ್ಲೂ ನೋಡ್ ಹೆಸರು ಶುರುವಾಗುವುದು 20:00 ಅಂತ. ಸರ್ವರ್ ಕಾರ್ಡಿನದು ಅಂತ ಕೊಟ್ಟ ಪಟ್ಟಿಯಲ್ಲಿ 20:00 ಕಂಡರೆ ತಡೆದು ಇನ್ನೊಮ್ಮೆ ನೋಡಿ.

ಇದೇ ಹೊತ್ತಿಗೆ ಎಚ್‌ಬಿಎ ಫರ್ಮ್‌ವೇರ್ ಆವೃತ್ತಿಯನ್ನು ಸ್ಟೋರೇಜ್ ಕಂಪನಿಯ ಹೊಂದಾಣಿಕೆ ಪಟ್ಟಿಯ ಜೊತೆ ತಾಳೆ ನೋಡಿ. ಮೇಲೇರಿಸಬೇಕಿದ್ದರೆ ಈಗಲೇ ಮಾಡಿ. ಓಎಸ್ ಓಡುತ್ತಿರುವಾಗ ಬೂಟ್ ಡಿಸ್ಕಿನ ದಾರಿಯಲ್ಲಿರುವ ಕಾರ್ಡಿಗೆ ಕೈ ಹಾಕುವುದು ಯಾರಿಗೂ ಇಷ್ಟ ಆಗುವುದಿಲ್ಲ.

ಸರ್ವರಿನೊಳಗೆ ಹಳೆಯ ಲೋಕಲ್ ಡಿಸ್ಕ್ ಇದ್ದರೆ ತೆಗೆದುಬಿಡಿ, ಇಲ್ಲವೇ ರೈಡ್ ಕಂಟ್ರೋಲರನ್ನು ಆಫ್ ಮಾಡಿ. ಬಿಟ್ಟರೆ ಏನಾಗುತ್ತದೆ ಗೊತ್ತಾ? ಇನ್‌ಸ್ಟಾಲರ್ ರೂಟನ್ನು (ಓಎಸ್ ಇರುವ ಮುಖ್ಯ ಫೈಲ್‌ಸಿಸ್ಟಮ್) ಸ್ಯಾನ್ ಮೇಲೆ ಹಾಕಿ, ಇಎಫ್‌ಐ ಪಾರ್ಟಿಷನ್ನನ್ನು (ಓಎಸ್ ಎಬ್ಬಿಸುವ ಬೂಟ್‌ಲೋಡರ್ ಇರುವ ಭಾಗ) ಮಾತ್ರ ಲೋಕಲ್ ಡಿಸ್ಕಿನ ಮೇಲೆ ಇಟ್ಟುಬಿಡಬಹುದು. ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ. ಆ ಡಿಸ್ಕ್ ಕೆಟ್ಟ ದಿನ ಸ್ಯಾನ್ ಗಟ್ಟಿಮುಟ್ಟಾಗಿದ್ದರೂ ಸರ್ವರ್ ಏಳುವುದಿಲ್ಲ.

ಝೋನಿಂಗ್

ಯಾವ ಪೋರ್ಟ್ ಯಾವುದರ ಜೊತೆ ಮಾತಾಡಬಹುದು ಅಂತ ಸ್ವಿಚ್ಚಿಗೆ ಹೇಳುವುದೇ ಝೋನಿಂಗ್. ಮೊದಲು ಲಿಂಕ್ ನೋಡಿ. ಬ್ರೋಕೇಡ್ ಸ್ವಿಚ್ಚಿನಲ್ಲಿ ಸ್ವಿಚ್‌ಶೋ ಹಾಕಿದರೆ ನಿಮ್ಮ ಪೋರ್ಟಿನ ಎದುರು ಎಫ್-ಪೋರ್ಟ್ ಅಂತ ಮತ್ತು ಪಕ್ಕದಲ್ಲೇ ಸರ್ವರಿನ ಪೋರ್ಟ್ ಹೆಸರು ಕಾಣಬೇಕು. ಸಿಸ್ಕೋ ಎಂಡಿಎಸ್ ಆದರೆ ಫ್ಲೋಗಿ ಡೇಟಾಬೇಸ್ (ಸ್ವಿಚ್ಚಿಗೆ ಲಾಗಿನ್ ಆದ ಪೋರ್ಟ್‌ಗಳ ಪಟ್ಟಿ) ನೋಡಿ. ಓಎಸ್ ಇಲ್ಲದ ಹೊಸ ಸರ್ವರಿನಲ್ಲಿ ಎಚ್‌ಬಿಎ ಬೂಟ್ ಆಯ್ಕೆ ಆಫ್ ಆಗಿದ್ದರೆ ಪೋರ್ಟು ಸ್ವಿಚ್ಚಿಗೆ ಲಾಗಿನ್ ಆಗದೇ ಇರಬಹುದು. ಆಗ ಕೇಬಲ್ ಕೆಟ್ಟಿದೆ ಅಂತ ಓಡಬೇಡಿ, ಮೊದಲು ಆ ಆಯ್ಕೆ ಆನ್ ಮಾಡಿ ರೀಬೂಟ್ ಮಾಡಿ.

ಪ್ರತಿ ಝೋನಿನಲ್ಲಿ ಸರ್ವರ್ ಕಡೆಯದು ಒಂದೇ ಒಂದು ಪೋರ್ಟ್ ಇರಲಿ. ಎದುರು ಎರಡೂ ಕಂಟ್ರೋಲರಿನ ಒಂದೊಂದು ಪೋರ್ಟ್ ಹಾಕಿ. ಎ ಫ್ಯಾಬ್ರಿಕ್ಕಿನಲ್ಲಿ ಎಚ್‌ಬಿಎಯ ಮೊದಲ ಪೋರ್ಟಿಗೆ ಒಂದು ಝೋನ್, ಬಿ ಫ್ಯಾಬ್ರಿಕ್ಕಿನಲ್ಲಿ ಎರಡನೆಯದಕ್ಕೆ ಒಂದು. ಒಟ್ಟು ನಾಲ್ಕು ದಾರಿ ಸಿಗುತ್ತದೆ. ಜಾಸ್ತಿ ದಾರಿ ಇದ್ದರೆ ಒಳ್ಳೆಯದು ಅಂತ ಎಲ್ಲ ಸ್ಟೋರೇಜ್ ಪೋರ್ಟನ್ನೂ ಸೇರಿಸಿ ಹದಿನಾರು ಮಾಡಬೇಡಿ, ಬೂಟ್ ಹೊತ್ತಿನ ಸ್ಕ್ಯಾನ್ ನಿಧಾನ ಆಗುತ್ತದೆ, ತೊಂದರೆ ಹುಡುಕುವುದೂ ಕಷ್ಟ.

ಬ್ರೋಕೇಡಿನಲ್ಲಿ ಸಿಎಫ್‌ಜಿಸೇವ್ ಬರೀ ಉಳಿಸುತ್ತದೆ, ಜಾರಿಗೆ ತರುವುದು ಸಿಎಫ್‌ಜಿಎನೇಬಲ್. ಎನೇಬಲ್ ಮಾಡುವಾಗ ಈಗ ಓಡುತ್ತಿರುವ ಕಾನ್ಫಿಗ್ ಹೆಸರನ್ನೇ ಕೊಡುತ್ತಿದ್ದೀರಾ ಅಂತ ಎರಡು ಸಲ ನೋಡಿ. ಬೇರೆ ಹೆಸರು ಕೊಟ್ಟರೆ ಓಡುತ್ತಿರುವ ಝೋನಿಂಗ್ ಪೂರ್ತಿ ಬದಲಾಗಿ ಬೇರೆಯವರ ಸರ್ವರಿನ ಡಿಸ್ಕೂ ಹೋಗಬಹುದು. ಎ ಫ್ಯಾಬ್ರಿಕ್ ಮುಗಿಸಿ, ಎಲ್ಲ ಸರಿ ಇದೆ ಅಂತ ನೋಡಿಕೊಂಡ ಮೇಲೆಯೇ ಬಿಗೆ ಹೋಗಿ. ಎಂಡಿಎಸ್‌ನಲ್ಲಿ ಝೋನ್‌ಸೆಟ್ ಆಕ್ಟಿವೇಟ್ ಮಾಡಿದ ಮೇಲೆ ರನ್ನಿಂಗ್ ಕಾನ್ಫಿಗನ್ನು ಸ್ಟಾರ್ಟಪ್‌ಗೆ ಉಳಿಸಬೇಕು, ಇಲ್ಲದಿದ್ದರೆ ಸ್ವಿಚ್ಚು ರೀಬೂಟ್ ಆದಾಗ ನಿಮ್ಮ ಬದಲಾವಣೆ ಪೂರ್ತಿ ಉಳಿಯದೇ ಹೋಗಬಹುದು.

ಲನ್ ಕೊಡುವುದು

ಸ್ಟೋರೇಜಿನಲ್ಲಿ ಸರ್ವರಿನ ಹೆಸರಿನಲ್ಲಿ ಒಂದು ಹೋಸ್ಟ್ ಮಾಡಿ, ಎರಡೂ ಪೋರ್ಟ್ ಹೆಸರು ಅದರೊಳಗೆ ಹಾಕಿ, ಓಎಸ್ ಯಾವುದು ಅಂತ ಸರಿಯಾಗಿ ಆರಿಸಿ. ಲಿನಕ್ಸಿಗೆ 100 ಜಿಬಿ ಧಾರಾಳ. ಇಎಸ್ಎಕ್ಸ್ಐ 8ಕ್ಕೆ ಕನಿಷ್ಠ 32 ಜಿಬಿ ಬೇಕು. ಬೂಟ್ ಲನ್‌ಗೆ 0 ನಂಬರ್ ಕೊಡುವುದು ರೂಢಿ, ಕೆಲವು ಹಳೆಯ ಫರ್ಮ್‌ವೇರ್‌ಗಳಿಗೆ ಅದು ಬೇಕೇ ಬೇಕು.

ಇಲ್ಲಿ ಎರಡು ಮಾತು ಗಟ್ಟಿಯಾಗಿ ಹೇಳಬೇಕು. ಒಂದು, ಒಂದು ಬೂಟ್ ಲನ್ ಒಂದೇ ಸರ್ವರಿಗೆ. ಇಬ್ಬರು ಒಂದೇ ರೂಟ್ ಫೈಲ್‌ಸಿಸ್ಟಮ್ಮಿಗೆ ಬರೆದರೆ ಅದು ಕೆಡುತ್ತದೆ, ಅದರಲ್ಲಿ ಎರಡನೇ ಮಾತಿಲ್ಲ. ಎರಡು, ಇನ್‌ಸ್ಟಾಲ್ ಮುಗಿಯುವವರೆಗೆ ಬೂಟ್ ಲನ್ ಬಿಟ್ಟು ಬೇರೇನೂ ಮ್ಯಾಪ್ ಮಾಡಬೇಡಿ. ಡೇಟಾಬೇಸಿನ ಡಿಸ್ಕ್ ಇನ್‌ಸ್ಟಾಲರ್ ಪರದೆಯ ಮೇಲೆ ಕಾಣಿಸುವುದೇ ಬೇಡ, ಕಂಡದ್ದನ್ನು ಯಾರೋ ಒಬ್ಬರು ಟಿಕ್ ಮಾಡಿಯೇ ಮಾಡುತ್ತಾರೆ.

ಥಿನ್ ಲನ್ (ಬರೆದಷ್ಟಕ್ಕೆ ಮಾತ್ರ ಹಂಚಿಕೆಯ ಪೂಲಿನಿಂದ ಜಾಗ ತೆಗೆದುಕೊಳ್ಳುವ ಲನ್) ಕೊಟ್ಟಿದ್ದರೆ ಪೂಲ್ ತುಂಬದ ಹಾಗೆ ಎಚ್ಚರಿಕೆ ಗಂಟೆ ಇಡಿ. ಪೂಲ್ ತುಂಬಿ ಬೂಟ್ ಡಿಸ್ಕಿಗೆ ಬರೆಯಲಾಗದೇ ಹೋದರೆ ಅದನ್ನು ನಂಬಿರುವ ಸರ್ವರ್‌ಗಳು ಒಟ್ಟಿಗೇ ಬೀಳುತ್ತವೆ.

ಫರ್ಮ್‌ವೇರಿಗೆ ದಾರಿ ತೋರಿಸುವುದು

ಡೆಲ್ ಆದರೆ ಎಫ್2, ಎಚ್‌ಪಿಇ ಆದರೆ ಎಫ್9 ಒತ್ತಿ ಸೆಟಪ್ಪಿಗೆ ಹೋಗಿ. ಹಳೆಯ ಸರ್ವರ್‌ಗಳಲ್ಲಿ ಕ್ಯೂಲಾಜಿಕ್‌ಗೆ ಕಂಟ್ರೋಲ್-ಕ್ಯೂ, ಎಮ್ಯುಲೆಕ್ಸ್‌ಗೆ ಆಲ್ಟ್-ಇ ಇತ್ತು, ಈಗ ಎರಡೂ ಯುಇಎಫ್‌ಐ ಮೆನುವಿನೊಳಗೆ ಡಿವೈಸ್ ಸೆಟ್ಟಿಂಗಿನಲ್ಲಿ ಬರುತ್ತವೆ. ಬೂಟ್ ಮೋಡ್ ಯುಇಎಫ್‌ಐನಲ್ಲೇ ಇರಲಿ, ಲೆಗಸಿಗೆ (ಹಳೆಯ ಬಯಾಸ್ ವಿಧಾನ) ಹೋಗಬೇಡಿ.

ಈ ಹಂತದಲ್ಲಿ ಮಲ್ಟಿಪಾತ್ (ಹಲವು ದಾರಿಗಳನ್ನು ಒಂದೇ ಡಿಸ್ಕಾಗಿ ತೋರಿಸುವ ಸಾಫ್ಟ್‌ವೇರ್) ಅನ್ನುವುದು ಇನ್ನೂ ಹುಟ್ಟಿರುವುದಿಲ್ಲ. ಫರ್ಮ್‌ವೇರ್ ಯಾವುದೋ ಒಂದು ದಾರಿ ಹಿಡಿದು ಬೂಟ್‌ಲೋಡರನ್ನು ಓದುತ್ತದೆ. ಆ ದಾರಿ ಇಲ್ಲದಿದ್ದರೆ ಮುಂದಿನದು ಯಾವುದು ಅಂತ ನೀವೇ ಹೇಳಿರಬೇಕು. ಆದ್ದರಿಂದ ಮೊದಲ ಪೋರ್ಟಿನಲ್ಲಿ ಬೂಟ್ ಆನ್ ಮಾಡಿ, ಮೊದಲ ಗುರಿಯಾಗಿ ಒಂದನೇ ಕಂಟ್ರೋಲರ್, ಎರಡನೇ ಗುರಿಯಾಗಿ ಇನ್ನೊಂದು ಕಂಟ್ರೋಲರ್ ಆರಿಸಿ. ಎರಡನೇ ಪೋರ್ಟಿನಲ್ಲೂ ಇಷ್ಟೇ ಮಾಡಿ. ಬಹಳ ಜನ ಮೊದಲ ಪೋರ್ಟ್ ಮುಗಿಸಿ, ಓಎಸ್ ಬಂತು ಅಂತ ಖುಷಿಯಾಗಿ ಎರಡನೆಯದನ್ನು ಮರೆಯುತ್ತಾರೆ. ನಾನು ನೋಡಿದ ಸ್ಯಾನ್ ಬೂಟ್ ತೊಂದರೆಗಳಲ್ಲಿ ಇದಕ್ಕಿಂತ ಮಾಮೂಲಿಯಾದದ್ದು ಇನ್ನೊಂದಿಲ್ಲ.

ಸ್ಕ್ಯಾನ್ ಮಾಡಿದಾಗ ಸ್ಟೋರೇಜಿನ ಪೋರ್ಟ್ ಹೆಸರು, ಅದರ ಮಾದರಿ, ಲನ್ ನಂಬರ್ ಒಂದೇ ಸಾಲಿನಲ್ಲಿ ಬರಬೇಕು. ಆ ಸಾಲನ್ನು ನಿಮ್ಮ ಶೀಟಿನ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಏನೂ ಬರಲಿಲ್ಲ ಅಂದರೆ ಹುಡುಕುವ ಕ್ರಮ ಹೀಗಿರಲಿ: ಎಸ್‌ಎಫ್‌ಪಿ (ಕೇಬಲ್ ಸಿಗಿಸುವ ಮಾಡ್ಯೂಲ್) ದೀಪ, ಸ್ವಿಚ್‌ಶೋ, ಝೋನ್, ಆಮೇಲೆ ಸ್ಟೋರೇಜ್ ಮ್ಯಾಪಿಂಗ್. ಸ್ಟೋರೇಜ್ ಪೋರ್ಟ್ ಕಾಣುತ್ತದೆ ಆದರೆ ಲನ್ ಕಾಣುವುದಿಲ್ಲ ಅಂದರೆ ಝೋನ್ ಸರಿ ಇದೆ, ತಪ್ಪಿರುವುದು ಮ್ಯಾಪಿಂಗಿನಲ್ಲಿ. ಪೋರ್ಟೇ ಕಾಣುವುದಿಲ್ಲ ಅಂದರೆ ಲಿಂಕ್ ಅಥವಾ ಝೋನ್ ನೋಡಿ.

ಇನ್‌ಸ್ಟಾಲ್

ಐಎಸ್ಒ ಫೈಲನ್ನು ವರ್ಚುವಲ್ ಮೀಡಿಯಾದಲ್ಲಿ ಹಾಕಿ ಬೂಟ್ ಮಾಡಿ. ಇನ್‌ಸ್ಟಾಲೇಷನ್ ಡೆಸ್ಟಿನೇಷನ್ ಪುಟದಲ್ಲಿ ಆಡ್ ಎ ಡಿಸ್ಕ್ ಒತ್ತಿ, ಮಲ್ಟಿಪಾತ್ ಟ್ಯಾಬಿಗೆ ಹೋಗಿ. ನಾಲ್ಕು ದಾರಿ ಇದ್ದರೂ ಅಲ್ಲಿ ಕಾಣಬೇಕಾದ್ದು ಒಂದೇ ಡಿಸ್ಕ್, ಎಂಪಾತ್‌ಎ ಅನ್ನುವ ಥರದ ಹೆಸರಿನಲ್ಲಿ. ಅದರ ಡಬ್ಲ್ಯುಡಬ್ಲ್ಯುಐಡಿ (ಡಿಸ್ಕಿನ ಗುರುತಿನ ಸಂಖ್ಯೆ) ಶೀಟಿನಲ್ಲಿರುವ ಲನ್ ಸೀರಿಯಲ್ಲಿಗೆ ಹೊಂದಿದರೆ ಮಾತ್ರ ಮುಂದೆ ಹೋಗಿ. ಅದೇ ಗಾತ್ರದ ನಾಲ್ಕು ಬೇರೆ ಬೇರೆ ಡಿಸ್ಕ್ ಎಸ್‌ಡಿಎ, ಎಸ್‌ಡಿಬಿ ಅಂತ ಕಂಡರೆ ಅಲ್ಲೇ ನಿಲ್ಲಿಸಿ. ಆಮೇಲೆ ಸರಿ ಮಾಡಿಕೊಳ್ಳೋಣ ಅಂತ ಒಂದನ್ನು ಆರಿಸಿ ಇನ್‌ಸ್ಟಾಲ್ ಮಾಡಿದರೆ ರೂಟ್ ಒಂದೇ ದಾರಿಯ ಮೇಲೆ ಕೂತುಬಿಡುತ್ತದೆ.

ಬೂಟ್, ಇಎಫ್‌ಐ, ರೂಟ್, ಸ್ವಾಪ್ ನಾಲ್ಕೂ ಇದೇ ಲನ್ ಮೇಲೆ ಇರಲಿ.

ಇನಿಟ್‌ರ‍್ಯಾಮ್‌ಎಫ್‌ಎಸ್: ಎಲ್ಲರೂ ಮರೆಯುವ ಮಧ್ಯದ ಹಂತ

ಓಎಸ್ ಎದ್ದ ಮೇಲೆ ಮೊದಲು ಹಾಕಬೇಕಾದ ಆದೇಶ ಎಲ್ಎಸ್‌ಬಿಎಲ್‌ಕೆ. ಎಸ್‌ಡಿಎ ಕೆಳಗೆ ಎಂಪಾತ್‌ಎ, ಅದರ ಕೆಳಗೆ ಪಾರ್ಟಿಷನ್‌ಗಳು, ಅದರ ಕೆಳಗೆ ಎಲ್‌ವಿಎಂ (ಡಿಸ್ಕ್ ಜಾಗ ಹಂಚುವ ಲಿನಕ್ಸ್ ವ್ಯವಸ್ಥೆ) ರೂಟ್, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರಬೇಕು. ಎಸ್‌ಡಿಎ ಕೆಳಗೆ ನೇರವಾಗಿ ರೂಟ್ ಬಂದಿದ್ದರೆ ಮಲ್ಟಿಪಾತ್ ರೂಟನ್ನು ಹಿಡಿದಿಲ್ಲ ಅಂತ ಅರ್ಥ.

ಯಾಕೆ ಹಾಗಾಗುತ್ತದೆ? ರೂಟ್ ಮೌಂಟ್ ಆಗುವ ಹೊತ್ತಿಗೆ ಓಡುತ್ತಿರುವುದು ಇನಿಟ್‌ರ‍್ಯಾಮ್‌ಎಫ್‌ಎಸ್. ಅದರೊಳಗೆ ಮಲ್ಟಿಪಾತ್ ಕಾನ್ಫಿಗ್ ಇಲ್ಲದಿದ್ದರೆ ಸಿಕ್ಕಿದ ಮೊದಲ ದಾರಿಯಲ್ಲಿ ರೂಟ್ ಮೌಂಟ್ ಆಗುತ್ತದೆ. ಆಮೇಲೆ ಮಲ್ಟಿಪಾತ್ ಸೇವೆ ಎದ್ದು ಬಂದರೂ ಆ ಡಿಸ್ಕ್ ಆಗಲೇ ಬಳಕೆಯಲ್ಲಿರುತ್ತದೆ, ಅದನ್ನು ತನ್ನ ಕೈಗೆ ತೆಗೆದುಕೊಳ್ಳಲು ಆಗುವುದಿಲ್ಲ. ಆದ್ದರಿಂದ ಮಲ್ಟಿಪಾತ್ ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು ಬದಲಾಯಿಸಿದರೂ ಡ್ರಾಕಟ್ ಆದೇಶವನ್ನು -ಎಫ್ ಜೊತೆ ಓಡಿಸಿ ಇನಿಟ್‌ರ‍್ಯಾಮ್‌ಎಫ್‌ಎಸ್ ಹೊಸದಾಗಿ ಕಟ್ಟಿ. ಹಳೆಯ ಕರ್ನಲ್‌ಗಳೂ ಮೆನುವಿನಲ್ಲಿ ಇದ್ದರೆ ರೀಜನರೇಟ್-ಆಲ್ ಆಯ್ಕೆ ಕೊಟ್ಟು ಅವಕ್ಕೂ ಕಟ್ಟಿಬಿಡಿ, ಇಲ್ಲದಿದ್ದರೆ ಹಳೆಯ ಕರ್ನಲ್‌ಗೆ ಹಿಂದಿರುಗಬೇಕಾದ ದಿನ ಹಳೆಯ ಕಾನ್ಫಿಗ್ ಎದುರಾಗುತ್ತದೆ.

ಮಲ್ಟಿಪಾತ್ ಆದೇಶವನ್ನು -ಎಲ್ಎಲ್ ಜೊತೆ ಹಾಕಿದರೆ ಎರಡು ಗುಂಪು ಕಾಣುತ್ತವೆ. ಅಲುವಾ (ಯಾವ ದಾರಿ ಉತ್ತಮ ಅಂತ ಸ್ಟೋರೇಜೇ ಹೇಳುವ ಪದ್ಧತಿ) ಇರುವ ಸ್ಟೋರೇಜಿನಲ್ಲಿ ಲನ್ ಅನ್ನು ನೋಡಿಕೊಳ್ಳುವ ಕಂಟ್ರೋಲರಿನ ಎರಡು ದಾರಿಗೆ ಪ್ರಯಾರಿಟಿ 50, ಇನ್ನೊಂದರ ಎರಡು ದಾರಿಗೆ 10. ನಾಲ್ಕೂ ಸಾಲಿನ ಕೊನೆಯಲ್ಲಿ ಆಕ್ಟಿವ್ ರೆಡಿ ರನ್ನಿಂಗ್ ಅಂತ ಇರಬೇಕು. ಎರಡೇ ಸಾಲು ಬಂದರೆ ಒಂದು ಫ್ಯಾಬ್ರಿಕ್ ಇಲ್ಲವೇ ಒಂದು ಕಂಟ್ರೋಲರ್ ತಪ್ಪಿಹೋಗಿದೆ.

ಎಫ್ಎಸ್‌ಟ್ಯಾಬಿನಲ್ಲಿ (ಏನು ಎಲ್ಲಿ ಮೌಂಟ್ ಆಗಬೇಕು ಅಂತ ಹೇಳುವ ಫೈಲು) ಎಸ್‌ಡಿಎ ಅಂತ ಹೆಸರು ಎಲ್ಲೂ ಬೇಡ, ಯುಯುಐಡಿ ಅಥವಾ ಮ್ಯಾಪರ್ ಹೆಸರು ಇರಲಿ. ಎಲ್‌ವಿಎಂ ಬಳಸುವ ಡಿಸ್ಕ್ ತೋರಿಸುವ ಪಿವಿಎಸ್ ಆದೇಶ ಹಾಕಿದಾಗಲೂ ಮ್ಯಾಪರ್ ಹೆಸರೇ ಬರಬೇಕು. ರೆಡ್ ಹ್ಯಾಟ್ 9ರಲ್ಲಿ ಎಲ್‌ವಿಎಂ ತನ್ನ ಡಿವೈಸಸ್ ಫೈಲನ್ನು ನೋಡಿ ನಡೆಯುತ್ತದೆ, 7ರಲ್ಲಿ ಫಿಲ್ಟರ್ ಸಾಲು ನೀವೇ ಬರೆಯಬೇಕಾಗಬಹುದು.

ಎಲ್ಲ ದಾರಿಯೂ ಒಟ್ಟಿಗೆ ಹೋದರೆ ಏನಾಗಬೇಕು ಅನ್ನುವುದನ್ನೂ ಈಗಲೇ ತೀರ್ಮಾನಿಸಿ. ನೋ-ಪಾತ್-ರೀಟ್ರೈ ಅನ್ನುವ ಸಾಲಿಗೆ ಕ್ಯೂ ಅಂತ ಕೊಟ್ಟರೆ ಸರ್ವರ್ ನಿಂತಲ್ಲೇ ನಿಂತು, ದಾರಿ ಬಂದ ಮೇಲೆ ಮುಂದುವರಿಯುತ್ತದೆ. ಒಂದು ಸಂಖ್ಯೆ ಕೊಟ್ಟರೆ ಅಷ್ಟು ಸಲ ನೋಡಿ ಸೋಲೊಪ್ಪುತ್ತದೆ, ರೂಟ್ ಫೈಲ್‌ಸಿಸ್ಟಮ್ ಕೈಬಿಡುತ್ತದೆ, ರೀಬೂಟ್ ಬಿಟ್ಟು ಬೇರೆ ದಾರಿಯಿಲ್ಲ. ಒಂಟಿ ಸರ್ವರಿಗೆ ನಾನು ಕ್ಯೂ ಕೊಡುತ್ತೇನೆ. ಕ್ಲಸ್ಟರಿನಲ್ಲಿ ಇರುವ ನೋಡಿಗೆ ಬೇಡ, ಅಲ್ಲಿ ಕೆಟ್ಟ ನೋಡ್ ಬೇಗ ಹೊರಗೆ ಹೋಗಿ ಕೆಲಸ ಇನ್ನೊಂದಕ್ಕೆ ಹೋಗಬೇಕು.

ವಿಂಡೋಸ್, ಇಎಸ್ಎಕ್ಸ್ಐ, ಐಸ್ಕಸಿ

ವಿಂಡೋಸ್ ಸರ್ವರಿನಲ್ಲಿ ಕ್ರಮವೇ ಬೇರೆ. ಅಲ್ಲಿ ಇನ್‌ಸ್ಟಾಲ್ ಹೊತ್ತಿಗೆ ಒಂದೇ ದಾರಿ ಬಿಡಿ. ಓಎಸ್ ಬಂದ ಮೇಲೆ ಎಂಪಿಐಒ (ವಿಂಡೋಸಿನ ಮಲ್ಟಿಪಾತ್) ಫೀಚರ್ ಹಾಕಿ, ಡಿಸ್ಕನ್ನು ಅದರ ಕೈಗೆ ಕೊಟ್ಟು, ರೀಬೂಟ್ ಮಾಡಿ, ಆಮೇಲೆ ಉಳಿದ ಮೂರು ದಾರಿ ತೆರೆಯಿರಿ. ಇಎಸ್ಎಕ್ಸ್ಐನಲ್ಲಿ ಮಲ್ಟಿಪಾತ್ ಒಳಗೇ ಇದೆ, ಪ್ರತಿ ಹೋಸ್ಟಿಗೂ ಅದರದೇ ಲನ್ ಕೊಟ್ಟರೆ ಸಾಕು.

ಐಸ್ಕಸಿಯಲ್ಲಿ ಪೋರ್ಟ್ ಹೆಸರಿನ ಬದಲು ಐಕ್ಯೂಎನ್ (ಐಸ್ಕಸಿ ಹೆಸರು), ಝೋನಿನ ಬದಲು ವಿಲ್ಯಾನ್ (ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲ), ಬಳಸುವ ಪೋರ್ಟ್ ಟಿಸಿಪಿ 3260. ನೆಟ್‌ವರ್ಕ್ ಕಾರ್ಡಿನ ಫರ್ಮ್‌ವೇರ್ ತಾನು ಬಳಸಿದ ವಿಳಾಸವನ್ನು ಐಬಿಎಫ್‌ಟಿ ಅನ್ನುವ ಕೋಷ್ಟಕದಲ್ಲಿ ಬಿಟ್ಟುಹೋಗುತ್ತದೆ, ಇನಿಟ್‌ರ‍್ಯಾಮ್‌ಎಫ್‌ಎಸ್ ಅದನ್ನು ಓದಿ ಮುಂದುವರಿಯುತ್ತದೆ. ಆ ಕಾರ್ಡಿನ ಸಂಪರ್ಕವನ್ನು ಓಡುವ ಓಎಸ್ಸಿನಲ್ಲಿ ಯಾರೂ ಆಫ್-ಆನ್ ಮಾಡಬಾರದು, ರೂಟ್ ಡಿಸ್ಕ್ ಅದರ ಮೇಲೇ ಇದೆ ಅಲ್ವಾ. ಜಂಬೋ ಫ್ರೇಮ್ (ಮಾಮೂಲಿಗಿಂತ ದೊಡ್ಡ ನೆಟ್‌ವರ್ಕ್ ಫ್ರೇಮ್) ಹಾಕುವುದಾದರೆ ಸರ್ವರ್, ಸ್ವಿಚ್ಚು, ಸ್ಟೋರೇಜು ಮೂರೂ ಕಡೆ ಹಾಕಿ, ಇಲ್ಲವೇ ಎಲ್ಲೂ ಬೇಡ.

ಪರೀಕ್ಷೆ

ಸರ್ವರ್ ಓಡುತ್ತಿರುವಾಗ ಒಂದು ಕೇಬಲ್ ಕಿತ್ತು, ಏನೂ ಆಗಲಿಲ್ಲ ನೋಡಿ ಅಂತ ಸಹಿ ಹಾಕಿ ಹೋಗುವುದು ಸಾಮಾನ್ಯ. ಆ ಪರೀಕ್ಷೆ ಮೂರನೇ ಹಂತವನ್ನು ಮಾತ್ರ ನೋಡುತ್ತದೆ. ಫರ್ಮ್‌ವೇರ್ ಮತ್ತು ಇನಿಟ್‌ರ‍್ಯಾಮ್‌ಎಫ್‌ಎಸ್ ಎರಡೂ ಪರೀಕ್ಷೆಗೆ ಸಿಗುವುದೇ ಇಲ್ಲ.

ಹೀಗೆ ಮಾಡಿ. ಎ ಫ್ಯಾಬ್ರಿಕ್ಕಿನ ಕೇಬಲ್ ಕೀಳಿ, ಅಥವಾ ದೂರದಿಂದ ಕೆಲಸ ಮಾಡುತ್ತಿದ್ದರೆ ಸ್ವಿಚ್ಚಿನಲ್ಲಿ ಆ ಪೋರ್ಟ್ ಡಿಸೇಬಲ್ ಮಾಡಿ. ಎರಡು ದಾರಿ ಫೇಲ್ಡ್ ಫಾಲ್ಟಿ ಆಗಿ, ಇನ್ನೆರಡರಲ್ಲಿ ಕೆಲಸ ನಡೆಯುತ್ತಿರಬೇಕು. ಹಾಗೇ ಬಿಟ್ಟು ಸರ್ವರನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿ. ಅದು ಬಿ ಫ್ಯಾಬ್ರಿಕ್ಕಿನಿಂದ ಮಾತ್ರ ಏಳಬೇಕು. ಸತ್ತ ಪೋರ್ಟಿಗಾಗಿ ಫರ್ಮ್‌ವೇರ್ ಸ್ವಲ್ಪ ಹೊತ್ತು ಕಾಯುತ್ತದೆ, ಪರದೆ ನಿಂತ ಹಾಗೆ ಕಂಡರೂ ಅವಸರದಲ್ಲಿ ರೀಸೆಟ್ ಒತ್ತಬೇಡಿ. ಎದ್ದ ಮೇಲೆ ಎ ಫ್ಯಾಬ್ರಿಕ್ ವಾಪಸ್ ಕೊಡಿ, ನಾಲ್ಕೂ ದಾರಿ ಮತ್ತೆ ಆಕ್ಟಿವ್ ಆಗುವವರೆಗೆ ಕಾಯಿರಿ, ಆಮೇಲೆ ಬಿ ಕಿತ್ತು ಇದೇ ಪರೀಕ್ಷೆ ಮಾಡಿ. ಕಾಯದೇ ಎರಡನೆಯದನ್ನು ಕಿತ್ತರೆ ರೂಟ್ ಡಿಸ್ಕನ್ನೇ ಕಿತ್ತ ಹಾಗಾಗುತ್ತದೆ. ಕೊನೆಗೆ ಸ್ಟೋರೇಜ್ ತಂಡದವರಿಗೆ ಹೇಳಿ ಒಂದೊಂದೇ ಕಂಟ್ರೋಲರ್ ರೀಬೂಟ್ ಮಾಡಿಸಿ ನೋಡಿ.

ಕರೆಂಟ್ ಹೋಗಿ ಬಂದಾಗಿನ ಕ್ರಮವನ್ನೂ ಗಮನಿಸಿ. ಸ್ವಿಚ್ಚು ಮೊದಲು, ಸ್ಟೋರೇಜು ಆಮೇಲೆ, ಸರ್ವರ್ ಕೊನೆಗೆ. ಯುಪಿಎಸ್ ಕೂಡ ಬರಿದಾಗಿ ಎಲ್ಲ ಒಟ್ಟಿಗೆ ಆನ್ ಆದರೆ, ಸ್ಟೋರೇಜು ಇನ್ನೂ ಏಳುತ್ತಿರುವಾಗಲೇ ಸರ್ವರ್ ಡಿಸ್ಕ್ ಹುಡುಕಿ, ಸಿಗದೇ, ಬೂಟ್ ಡಿವೈಸ್ ಇಲ್ಲ ಅಂತ ನಿಂತಿರುತ್ತದೆ. ಸರ್ವರ್ ಸೆಟಪ್ಪಿನಲ್ಲಿ ಪವರ್ ಬಂದ ಮೇಲೆ ಎಷ್ಟು ಹೊತ್ತು ಬಿಟ್ಟು ಆನ್ ಆಗಬೇಕು ಅನ್ನುವ ಆಯ್ಕೆ ಇರುತ್ತದೆ, ಅದನ್ನು ಇಡಿ. ಅದರ ಮಿತಿಗಿಂತ ನಿಮ್ಮ ಸ್ಟೋರೇಜು ನಿಧಾನವಾಗಿದ್ದರೆ ಸರ್ವರ್ ತಾನಾಗಿ ಆನ್ ಆಗುವುದನ್ನೇ ನಿಲ್ಲಿಸಿ, ಕೈಯಿಂದ ಆನ್ ಮಾಡಿ.

ಸರ್ವರ್ ಸತ್ತಾಗ

ಇಷ್ಟೆಲ್ಲ ಮಾಡಿದ್ದು ಈ ದಿನಕ್ಕಾಗಿಯೇ. ಹಳೆಯ ಸರ್ವರಿನ ಪವರ್ ಕೇಬಲ್ ಕಿತ್ತುಬಿಡಿ, ಸ್ಟೋರೇಜಿನ ಹೋಸ್ಟಿನಿಂದ ಅದರ ಪೋರ್ಟ್ ಹೆಸರು ತೆಗೆಯಿರಿ. ಇದು ಮೊದಲು ಆಗಬೇಕು, ಹಳೆಯದು ಅಕಸ್ಮಾತ್ ಎದ್ದರೂ ಅದಕ್ಕೆ ಡಿಸ್ಕ್ ಸಿಗಬಾರದು. ಆಮೇಲೆ ಹೊಸ ಸರ್ವರಿನ ಹೆಸರುಗಳನ್ನು ಝೋನಿಗೂ ಹೋಸ್ಟಿಗೂ ಸೇರಿಸಿ, ಅದರ ಎಚ್‌ಬಿಎ ಎರಡೂ ಪೋರ್ಟಿನಲ್ಲಿ ಗುರಿ ಆರಿಸಿ. ಸಿಸ್ಕೋ ಯುಸಿಎಸ್‌ನಲ್ಲಿ ಪೋರ್ಟ್ ಹೆಸರು ಸರ್ವಿಸ್ ಪ್ರೊಫೈಲಿನಲ್ಲಿ ಇರುವುದರಿಂದ ಪ್ರೊಫೈಲನ್ನು ಬೇರೆ ಬ್ಲೇಡಿಗೆ ಹಾಕಿದರೆ ಹೆಸರೂ ಜೊತೆಗೇ ಹೋಗುತ್ತದೆ, ಝೋನ್ ಮುಟ್ಟುವ ಕೆಲಸವೇ ಇಲ್ಲ.

ಎರಡು ಕಡೆ ಸಿಕ್ಕಿಕೊಳ್ಳಬಹುದು. ಬೂಟ್ ಎಂಟ್ರಿ ಇದ್ದದ್ದು ಸತ್ತ ಸರ್ವರಿನ ಬೋರ್ಡಿನ ಮೇಲಿನ ಮೆಮೊರಿಯಾದ ಎನ್‌ವಿರ‍್ಯಾಮ್‌ನಲ್ಲಿ, ಲನ್ ಮೇಲಲ್ಲ. ಹೊಸ ಸರ್ವರಿಗೆ ಅದು ಗೊತ್ತಿಲ್ಲ. ಬೂಟ್ ಮೆನುವಿನಲ್ಲಿ ಆ ಲನ್ ಅನ್ನೇ ಆರಿಸಿದರೆ ಇಎಫ್‌ಐ ಪಾರ್ಟಿಷನ್ನಿನ ಬೂಟ್ ಫೋಲ್ಡರಿನಲ್ಲಿರುವ ಬೂಟ್‌ಎಕ್ಸ್64 ಫೈಲು ಓಡುತ್ತದೆ, ರೆಡ್ ಹ್ಯಾಟಿನಲ್ಲಿ ಅದು ಎಂಟ್ರಿಯನ್ನು ಮತ್ತೆ ಬರೆದುಕೊಡುತ್ತದೆ.

ಇನ್ನೊಂದು ಸ್ವಲ್ಪ ಹಠಮಾರಿ. ಡ್ರಾಕಟ್ ಸಾಮಾನ್ಯವಾಗಿ ಆಗ ಸರ್ವರಿನಲ್ಲಿದ್ದ ಹಾರ್ಡ್‌ವೇರಿನ ಡ್ರೈವರ್ ಮಾತ್ರ ಇನಿಟ್‌ರ‍್ಯಾಮ್‌ಎಫ್‌ಎಸ್‌ಗೆ ಹಾಕುತ್ತದೆ. ಹಳೆಯದರಲ್ಲಿ ಕ್ಯೂಲಾಜಿಕ್, ಹೊಸದರಲ್ಲಿ ಎಮ್ಯುಲೆಕ್ಸ್ ಇದ್ದರೆ ಗ್ರಬ್ (ಬೂಟ್‌ಲೋಡರ್) ಬರುತ್ತದೆ, ಕರ್ನಲ್ ಬರುತ್ತದೆ, ಅಲ್ಲಿಗೆ ಡಿಸ್ಕ್ ಮಾಯವಾಗಿ ಡ್ರಾಕಟ್ ಶೆಲ್ಲಿನಲ್ಲಿ ನಿಲ್ಲುತ್ತದೆ. ಆಗ ಗ್ರಬ್ ಮೆನುವಿನ ರೆಸ್ಕ್ಯೂ ಎಂಟ್ರಿಯಿಂದ ಎಬ್ಬಿಸಿ, ಅದರಲ್ಲಿ ಎಲ್ಲ ಡ್ರೈವರ್‌ಗಳೂ ಇರುತ್ತವೆ, ಒಳಗೆ ಹೋಗಿ ಇನಿಟ್‌ರ‍್ಯಾಮ್‌ಎಫ್‌ಎಸ್ ಮತ್ತೆ ಕಟ್ಟಿ. ಬೇರೆ ಕಾರ್ಡಿನ ಬದಲಿ ಸರ್ವರ್ ಇಟ್ಟುಕೊಂಡಿದ್ದೀರಿ ಅಂದರೆ ಈ ಕೆಲಸ ಆ ದಿನದವರೆಗೆ ಕಾಯುವುದು ಬೇಡ, ನೋ-ಹೋಸ್ಟ್‌ಓನ್ಲಿ ಆಯ್ಕೆ ಕೊಟ್ಟು ಇವತ್ತೇ ಕಟ್ಟಿ ಇಡಿ. ನೆಟ್‌ವರ್ಕ್ ಕಾರ್ಡ್ ಬೇರೆ ಸ್ಲಾಟಿನಲ್ಲಿ ಇದ್ದರೆ ಇಂಟರ್‌ಫೇಸ್ ಹೆಸರು ಬದಲಾಗಿ ಐಪಿ ಬರುವುದಿಲ್ಲ, ಅದನ್ನು ಕನ್ಸೋಲಿನಿಂದ ಸರಿ ಮಾಡಿ. ಹಳೆಯ ಸರ್ವರಿನ ಪೋರ್ಟ್ ಹೆಸರುಗಳನ್ನು ಝೋನಿನಿಂದಲೂ ಅಳಿಸಿ, ಶೀಟಿನಲ್ಲಿ ಹೊಸದನ್ನು ಬರೆದು, ಎರಡೂ ಫ್ಯಾಬ್ರಿಕ್ಕಿನ ಬೂಟ್ ಪರೀಕ್ಷೆಯನ್ನು ಈ ಸರ್ವರಿನ ಮೇಲೂ ಇನ್ನೊಮ್ಮೆ ಮಾಡಿ.